ಹನ್ನೆರಡು ಮೊಳ

ಹಿಂಡಿದ ಹೊದಿಕೆಯನ್ನು ಹೆಗಲ ಮೇಲೆ ಹಾಕಿಕೊಂಡು ಹಿತ್ತಲಿಗೆ ಬಂದಾಗ ಹಗ್ಗದ ನನ್ನ ಕಡೆಯ ತುದಿ ಮತ್ತೆ ಮೊಳೆಯಿಂದ ಕಳಚಿ ನೆಲಕ್ಕೆ ಬಿದ್ದಿತ್ತು. ಎತ್ತಿ ಎಳೆದು ನೋಡಿದೆ. ಒಂದು ಗೇಣು ಸಾಲದು. ಹೊದಿಕೆಯ ನೀರು ಬೆನ್ನಿನ ಮೇಲೆ ಇಳಿಯುತ್ತಿತ್ತು. ಅದನ್ನು ಒಗೆಯುವ ಕಲ್ಲಿನ ಮೇಲೆ ಇಟ್ಟು, ಒಳಗೆ ಹೋಗಿ ಹಳೆಯ ಸೀರೆಯ ಅಂಚನ್ನು ಹರಿದು ತಂದು ಹಗ್ಗದ ತುದಿಗೆ ಗಂಟು ಹಾಕತೊಡಗಿದೆ. ಹಗ್ಗದ ಇನ್ನೊಂದು ತುದಿ ಪಕ್ಕದ ಮನೆಯ ರೂನಾಳ ಗೋಡೆಯಲ್ಲಿದೆ. ಇಬ್ಬರೂ ಸೇರಿ ಕಟ್ಟಿದ ದಿನ ಅದು ನಾಲ್ಕು ಮೊಳದ ಒಂದೇ ತೆಂಗಿನ ನಾರಿನ ಹಗ್ಗವಾಗಿತ್ತು. ಈಗ ಅದರಲ್ಲಿ ಪ್ಲಾಸ್ಟಿಕ್ ದಾರ, ಪಂಚೆಯ ಅಂಚು, ಲಂಗದ ಲಾಡಿ ಎಲ್ಲವೂ ಸೇರಿಕೊಂಡಿವೆ.

"ಎಷ್ಟಕ್ಕ ಈ ಸಲ?" ರೂನಾ ತನ್ನ ಹಿತ್ತಲಲ್ಲಿ ಬಕೆಟ್ಟಿಗೆ ಬಗ್ಗಿದವಳು ತಲೆ ಎತ್ತದೆ ಕೇಳಿದಳು.

"ಒಂದು ಗೇಣು."

"ಪರವಾಗಿಲ್ಲ ಬಿಡಿ. ಹೋದ ಸಲ ಒಂದು ಮೊಳ ಹೋಗಿತ್ತು. ನಿಮ್ಮನೆಗೂ ವಯಸ್ಸಾಯ್ತು, ಮೊದಲಿನ ಹಾಗೆ ಕಾಲು ಬರ್ತಿಲ್ಲ."

ನಾನು ನಕ್ಕೆ. ಅವಳೂ ನಕ್ಕಳು. "ಒಳ್ಳೇದೇ ಆಯ್ತಕ್ಕ. ಆಗ ಸೀರೆ ನಾಲ್ಕು ಮಡಿಕೆ ಮಾಡಿ ಹಾಕ್ಬೇಕಿತ್ತು. ಈಗ ಎರಡು ಮನೆ ಬಟ್ಟೆ ಹಾಕಿದ್ರೂ ಜಾಗ ಉಳಿಯತ್ತೆ" ಎಂದಳು. ಗಂಟು ಬಿಗಿಯುತ್ತಾ ನಾನು ಮನಸ್ಸಿನಲ್ಲೇ ಕೂಡಿಕೊಂಡೆ. ಹತ್ತೂವರೆಗೆ ಅರ್ಧ ಸೇರಿದರೆ ಹನ್ನೊಂದು ಮೊಳ. ಇನ್ನು ಉಳಿದದ್ದು ಒಂದೇ ಮೊಳ.

ನಮ್ಮ ಊರಿನಲ್ಲಿ ಮನೆಗಳು ಸರಿಯುತ್ತವೆ. ಮಧ್ಯಾಹ್ನ ಊಟ ಮುಗಿಸಿ, ಬಾಗಿಲು ಮುಂದೆ ಮಾಡಿಕೊಂಡು ಎಲ್ಲರೂ ಒಂದು ಗಳಿಗೆ ಅಡ್ಡಾಗುವ ಹೊತ್ತಿನಲ್ಲಿ ಅದು ಆಗುತ್ತದೆ. ಮಲಗಿದವರಿಗೆ ತಿಳಿಯುವುದಿಲ್ಲ. ಎಚ್ಚರವಿದ್ದವರಿಗೆ ಹಂಡೆಯ ಮುಚ್ಚಳ ಸಣ್ಣಗೆ ಅದುರುವುದು ಕೇಳಿಸುತ್ತದೆ, ಪಾತ್ರೆಯ ನೀರು ಒಂದು ಪಕ್ಕಕ್ಕೆ ಏರುವುದು ಕಾಣುತ್ತದೆ. ಸಂಜೆ ಎದ್ದು ಬಾಗಿಲು ತೆಗೆದರೆ ಬೆಳಿಗ್ಗೆ ಮೆಟ್ಟಿಲ ಮುಂದೆ ಇಟ್ಟ ರಂಗೋಲಿ ಎರಡು ಬೆರಳೋ ಒಂದು ಗೇಣೋ ಪಕ್ಕಕ್ಕೆ ಉಳಿದಿರುತ್ತದೆ. ಅದಕ್ಕೇ ನಮ್ಮಲ್ಲಿ ಯಾರೂ ತುಳಸಿಯನ್ನು ನೆಲದಲ್ಲಿ ನೆಡುವುದಿಲ್ಲ, ಕುಂಡದಲ್ಲಿ ಇಡುತ್ತಾರೆ. ಕರೆಂಟಿನವರು ಕಂಬದಿಂದ ತಂತಿ ಎಳೆಯುವಾಗ ನಾಲ್ಕು ಸುತ್ತು ಹೆಚ್ಚಿಗೆ ಬಿಟ್ಟು ಹೋಗುತ್ತಾರೆ. ನಲ್ಲಿಯ ಪೈಪಿಗೆ ನಡುವೆ ರಬ್ಬರಿನ ತುಂಡು ಕೂಡಿಸುತ್ತಾರೆ. ಹೆಣ್ಣು ಕೊಡುವವರು ಗಂಡಿನ ಮನೆಗೆ ಬಂದಾಗ ಕಾಫಿಗೆ ಮೊದಲು ಹಿತ್ತಲಿಗೆ ಹೋಗಿ ತಳಪಾಯ ನೋಡುತ್ತಾರೆ, ಮನೆ ಎತ್ತಲಿಂದ ಎತ್ತ ಬಂದಿದೆ ಎಂದು. ಬಾವಿ, ಮರ, ಒಗೆಯುವ ಕಲ್ಲು ಮಾತ್ರ ಇದ್ದಲ್ಲೇ ಇರುತ್ತವೆ. ರೂನಾ ಬಂದಾಗ ನಮ್ಮ ಒಗೆಯುವ ಕಲ್ಲು ಹಿತ್ತಲ ಗೋಡೆಗೆ ತಾಗಿಕೊಂಡಿತ್ತು. ಈಗ ಅಲ್ಲಿಗೆ ಆರು ಹೆಜ್ಜೆ ನಡೆಯಬೇಕು.

ಆರು ವರ್ಷದ ಹಿಂದೆ ಉಪ್ಪಿನ ಸೀಮೆಯವರು ಬಂದರು. ಅವರ ಊರುಗಳನ್ನು ಸಮುದ್ರ ತೆಗೆದುಕೊಂಡಿತ್ತು. ಲಾರಿಗಳಲ್ಲಿ ಹಾಸಿಗೆ, ಹೊಲಿಗೆ ಯಂತ್ರ, ಉಪ್ಪು ಎಳೆಯುವ ಉದ್ದ ಹಿಡಿಯ ಹಲಗೆಗಳು, ಅವುಗಳ ಮೇಲೆ ಕುಳಿತ ಮಕ್ಕಳು. ಪುರಸಭೆಯವರು ಒಳ್ಳೆಯ ಮನಸ್ಸಿನಿಂದಲೇ, ಅವರೆಲ್ಲ ಒಂದೇ ಕಡೆ ಗುಂಪಾಗುವುದು ಬೇಡ, ಊರಿನಲ್ಲಿ ಬೆರೆಯಲಿ ಎಂದು, ಪ್ರತಿ ಬೀದಿಯ ಕೆರೆಯ ಕಡೆಯ ತುದಿಯಲ್ಲಿ ಖಾಲಿ ಇದ್ದ ಜಾಗವನ್ನು ಒಂದೊಂದು ಸಂಸಾರಕ್ಕೆ ಕೊಟ್ಟರು. ಅವರು ಕಟ್ಟಿಕೊಂಡ ಮನೆಗಳು ಅಂದಿನಿಂದ ಒಂದು ಬೆರಳೂ ಕದಲಲಿಲ್ಲ. ನಮ್ಮವೇ ಸರಿದವು. ಮೊದಲು ಮೇಲಿನ ಬೀದಿ, ಆಮೇಲೆ ದೇವಸ್ಥಾನದ ಬೀದಿ, ಆಮೇಲೆ ಒಂದೊಂದಾಗಿ ಎಲ್ಲ ಬೀದಿಗಳೂ ಕೆರೆಗೆ ಬೆನ್ನು ಮಾಡಿ ಪಡುವಣಕ್ಕೆ ಒತ್ತಿಕೊಂಡವು. ನಡುವೆ ಬಯಲು ಬಿತ್ತು. ಬಯಲಿನ ಆಚೆ, ಕೆರೆಯಂಚಿನಲ್ಲಿ, ಆ ಮನೆಗಳಷ್ಟೇ ಉಳಿದವು. ಈಗ ನಮ್ಮವರು ಆ ಕಡೆ ಕೈ ತೋರಿಸಿ, "ನೋಡಿ, ಎಲ್ಲಿ ಹೋದ್ರೂ ಅವರವರೇ ಸೇರ್ಕೋತಾರೆ" ಎನ್ನುತ್ತಾರೆ.

ಊರಿನ ಬೀದಿಯೊಂದಕ್ಕೆ ಇನ್ನೂ ಅಂಟಿಕೊಂಡಿದ್ದದ್ದು ರೂನಾಳ ಮನೆ ಒಂದೇ. ಎರಡು ಮನೆಗಳ ನಡುವೆ ಹನ್ನೆರಡು ಮೊಳ ಬಿದ್ದರೆ ಪುರಸಭೆ ಅದನ್ನು ರಸ್ತೆ ಎಂದು ಬರೆದುಕೊಳ್ಳುತ್ತದೆ. ಎರಡೂ ಬದಿಗೆ ಕಲ್ಲು ನೆಡುತ್ತಾರೆ. ಆಮೇಲೆ ಆ ಕಡೆಯದು ಆಚೆ ಕೇರಿ. ಅಲ್ಲಿ ನೀರು ನಾಲ್ಕು ದಿನಕ್ಕೊಮ್ಮೆ. ಮಕ್ಕಳಿಗೆ ಕೆರೆಯಂಚಿನ ಶಾಲೆ, ಐದು ತರಗತಿಗೆ ಒಬ್ಬರೇ ಮೇಷ್ಟ್ರು. ಒಮ್ಮೆ ಕಲ್ಲು ನೆಟ್ಟರೆ ಮನೆ ಹಿಂದಕ್ಕೆ ಬಂದರೂ ಕಲ್ಲು ಏಳುವುದಿಲ್ಲ. ಅಳತೆ ವರ್ಷಕ್ಕೊಂದು ಸಲ. ಈ ವರ್ಷದ್ದಕ್ಕೆ ಇನ್ನು ಐದು ವಾರವಿತ್ತು.

ರೂನಾಳ ಮಗಳು ಪಿಲು ನಮ್ಮ ಬೀದಿಯ ಶಾಲೆಯಲ್ಲಿ ನಾಲ್ಕನೆಯ ತರಗತಿ. ಶಾಲೆ ಬಿಟ್ಟ ಮೇಲೆ ನಮ್ಮ ಜಗಲಿಯಲ್ಲಿ ಕುಳಿತು ಮಗ್ಗಿ ಬರೆಯುತ್ತಾಳೆ. ನನಗೆ ಮಕ್ಕಳಿಲ್ಲ. ಹದಿನಾಲ್ಕರ ಮಗ್ಗಿಗೆ ಬಂದಾಗ ಅವಳು ಪೆನ್ಸಿಲಿನ ಹಿಂಬದಿಯನ್ನು ಕಚ್ಚುತ್ತಾ ನನ್ನ ಕಡೆ ನೋಡುತ್ತಾಳೆ, ನಾನು ಒಲೆಯ ಮುಂದಿನಿಂದಲೇ ಹೇಳಿಕೊಡುತ್ತೇನೆ. ರೂನಾ ಕಲಿತ ಕನ್ನಡವೂ ನನ್ನದೇ. ಬಂದಾಗ ಅವಳಿಗೆ ನೀರು, ಅಕ್ಕಿ, ಎಷ್ಟು ಎಂಬ ಮೂರು ಮಾತು ಬರುತ್ತಿತ್ತು. ಉಳಿದದ್ದೆಲ್ಲ ಹಗ್ಗದ ಎರಡು ಕಡೆ ನಿಂತು ಬಟ್ಟೆ ಕೊಡವುತ್ತಾ ಆದದ್ದು. ಅವಳು ಮಗಳನ್ನು ಬೈಯುವಾಗ ನನ್ನ ಅತ್ತೆಯ ಬೈಗುಳಗಳು ರಾಗ ಸಮೇತ ಕೇಳಿಸುತ್ತವೆ.

ನಮ್ಮಿಬ್ಬರ ನಡುವೆ ಒಂದು ಬಟ್ಟಲೂ ಇತ್ತು. ಅವಳ ಊರಿನ ಅಗಲ ಬಾಯಿಯ ಮಣ್ಣಿನ ಬಟ್ಟಲು, ಅಂಚಿಗೆ ನೀಲಿ. ಲಾರಿಯಲ್ಲಿ ಒಡೆಯದೆ ಬಂದ ಒಂದೇ ಪಾತ್ರೆ ಅದು ಎಂದಿದ್ದಳು. ಅದರಲ್ಲಿ ಅವಳು ಎಳ್ಳು-ಬೆಲ್ಲ ತುಂಬಿದ ಅಕ್ಕಿಹಿಟ್ಟಿನ ಉಂಡೆಗಳನ್ನು ಕಳಿಸಿದರೆ ನಾನು ನುಚ್ಚಿನುಂಡೆಯನ್ನೋ ಹುಳಿಯನ್ನೋ ಹಾಕಿ ವಾಪಸು ಕಳಿಸುತ್ತಿದ್ದೆ. ಬರಿದಾಗಿ ಯಾವತ್ತೂ ಹೋದದ್ದಿಲ್ಲ, ಬಂದದ್ದಿಲ್ಲ.

ಮನೆ ಯಾಕೆ ಸರಿಯುತ್ತದೆ ಎಂದು ನಮ್ಮಲ್ಲಿ ಯಾರೂ ಗಟ್ಟಿಯಾಗಿ ಮಾತಾಡುವುದಿಲ್ಲ. ಒಳಗಿರುವವರ ಮನಸ್ಸು ಹೇಗೋ ಮನೆಯೂ ಹಾಗೆ ಎಂದು ಹಳಬರು ಹೇಳುತ್ತಿದ್ದರಂತೆ. ಈಗ ಮಳೆ ಬಂತು ಎನ್ನುವ ಹಾಗೆ ಮನೆ ಸರಿಯಿತು ಎನ್ನುತ್ತಾರೆ, ಅಷ್ಟೆ. ಆದರೂ ಒಳಗೊಳಗೇ ಎಲ್ಲರೂ ಯಾರೋ ಒಬ್ಬರ ಮೇಲೆ ಬೆರಳು ಇಟ್ಟುಕೊಂಡಿರುತ್ತಾರೆ. ನಮ್ಮ ಮನೆಯಲ್ಲಿ ಆ ಬೆರಳು ಇದ್ದದ್ದು ಅತ್ತೆಯ ಮೇಲೆ. ಇಡೀ ಬೀದಿಗೆ ಕೇಳುವಂತೆ ಅವರು ಮಾತಾಡುತ್ತಿದ್ದರು.

"ಆ ಉಪ್ಪಿನೋಳು ಹೊಸ್ತಿಲು ತೊಳೆದ ಉಪ್ಪು ನೀರು ನಮ್ಮ ತಳಪಾಯಕ್ಕೆ ಇಳೀತಿದೆ. ಅದಕ್ಕೇ ಮನೆ ನಿಲ್ತಿಲ್ಲ."

"ಅವಳು ಶುಕ್ರವಾರಕ್ಕೆ ಒಂದು ಚೊಂಬು ನೀರು ಹಾಕ್ತಾಳೆ ಅತ್ತೆ. ಒಂದು ಚೊಂಬಿಗೆ ಮನೆ ಹೋಗತ್ತಾ?"

"ನಿಂಗೇನು ಗೊತ್ತು. ನಿಂಗೆ ಅವಳೊಬ್ಬಳು ಇದ್ರೆ ಸಾಕು."

ಮಂಡಿ ಹಿಡಿದುಕೊಂಡ ದಿನ ಮಾತ್ರ ಅವರು ಹಿತ್ತಲ ಬಾಗಿಲಲ್ಲಿ ನಿಂತು, "ಏ ಉಪ್ಪು, ಬಾರೇ ಇಲ್ಲಿ" ಎಂದು ಕೂಗುತ್ತಿದ್ದರು. ರೂನಾ ತನ್ನ ಊರಿನ ಎಣ್ಣೆಯ ಬಾಟಲಿ ಹಿಡಿದು ಬರುತ್ತಿದ್ದಳು. "ದೊಡ್ಡಮ್ಮ, ಬೈಕೊಂಡೇ ಇರಿ, ನಿಮ್ಮ ಬಾಯಿ ಓಡ್ತಿದ್ರೆ ಮಂಡಿ ಸಡಿಲ ಆಗತ್ತೆ" ಎಂದು ತಿಕ್ಕುತ್ತಿದ್ದಳು. ಅತ್ತೆ ನಿಜಕ್ಕೂ ಬೈಯುತ್ತಲೇ ಇರುತ್ತಿದ್ದರು.

ಆ ವಾರವೇ ಅತ್ತೆ ಮಗಳ ಮನೆಗೆ ಹೊರಟರು, ಮೊಮ್ಮಗುವಿನ ನಾಮಕರಣಕ್ಕೆ. ನಾಲ್ಕು ವಾರ ಇದ್ದು ಬರುವೆ ಎಂದರು. ಬಸ್ಸು ಹತ್ತಿಸಿ ಬಂದ ದಿನ ನನಗೆ ಎಷ್ಟು ಹಗುರವಾಗಿತ್ತೆಂದರೆ, ಹೇಳಲು ನಾಚಿಕೆಯಾಗುತ್ತದೆ. ಇನ್ನು ಮನೆ ನಿಲ್ಲುತ್ತದೆ. ಅಳತೆ ಮುಗಿದರೆ ಮತ್ತೆ ಒಂದು ವರ್ಷ. ಪಿಲು ಐದನೆಯ ತರಗತಿಯನ್ನೂ ಇಲ್ಲೇ ಓದಬಹುದು. ಪಿಲುವಿನ ಸೀಮೆಸುಣ್ಣ ತೆಗೆದುಕೊಂಡು ಒಗೆಯುವ ಕಲ್ಲಿನಿಂದ ಗೋಡೆಯವರೆಗೆ ಮೊಳ ಹಾಕಿ ಅಳೆದು, ತಳಪಾಯದ ಮೇಲೆ ಒಂದು ಗೀಟು ಎಳೆದೆ. ಗೀಟಿನ ನೇರಕ್ಕೆ ನೆಲದಲ್ಲಿ ಒಂದು ಮೊಳೆ ಹೊಡೆದೆ.

ಎರಡು ವಾರ ಮೊಳೆಯೂ ಗೀಟೂ ಎದುರಾಬದುರಾಗಿ ಇದ್ದವು. ಮೂರನೆಯ ವಾರ ಪಡುವಣ ಮನೆಯ ಸರ್ವಮಂಗಳ ಬಂದಳು. ಅವಳ ಮನೆ ಈಗ ನಮಗೆ ಎಷ್ಟು ಹತ್ತಿರ ಎಂದರೆ ಅವಳ ಒಗ್ಗರಣೆಯ ಹೊಗೆ ನಮ್ಮ ಕಿಟಕಿಯಲ್ಲಿ ಬರುತ್ತದೆ, ಆ ಕಿಟಕಿಯಿಂದ ಬೆಳಕು ಬರುವುದು ನಿಂತು ವರ್ಷವಾಯಿತು. ರೂನಾ ಹೊಲಿದ ಹೊಸ ರವಿಕೆ ಹಾಕಿಕೊಂಡಿದ್ದಳು. ತೋಳು ಎಷ್ಟು ಚೆನ್ನಾಗಿ ಕೂತಿದೆ ನೋಡು ಎಂದು ಕೈ ಎತ್ತಿ ತೋರಿಸಿದಳು. ಆಮೇಲೆ ದನಿ ತಗ್ಗಿಸಿದಳು.

"ಇನ್ನು ಒಂದು ಮೊಳ ಅಂತೆ ಅಂಬುಜಾ. ಕಲ್ಲು ಬಿದ್ರೆ ಒಂದು ನೆಮ್ಮದಿ. ನಮ್ಮ ಬೀದಿ ನಮ್ಮದಾಗಿ ಇರತ್ತೆ."

"ಪಾಪ, ಪಿಲು ಶಾಲೆ..." ಎಂದೆ.

"ಅಯ್ಯೋ, ನಾವೇನು ತಳ್ಳಿದ್ವಾ? ಮನೆ ತಾನಾಗೇ ಹೋಗತ್ತೆ." ಕಾಫಿ ಲೋಟ ಕೆಳಗಿಡುತ್ತಾ ಸೇರಿಸಿದಳು, "ಅಳತೆ ಹಿಂದಿನ ಶುಕ್ರವಾರ ಅರಿಸಿನ ಕುಂಕುಮ ನಿನ್ನ ಸರದಿ, ನೆನಪಿದೆ ತಾನೆ? ಎಲ್ಲ ಬರ್ತೀವಿ."

ಅವಳು ಹೋದ ಮೇಲೆ ನಾನು ಅಕ್ಕಿ ಡಬ್ಬದ ಹಿಂದೆ ಕೈ ಹಾಕಿ ಬಟ್ಟಲನ್ನು ತೆಗೆದೆ. ಬಾಗಿಲಲ್ಲಿ ಅವಳ ದನಿ ಕೇಳಿದ ಕೂಡಲೇ ಅಲ್ಲಿ ಇಟ್ಟಿದ್ದೆ. ಕೈಗೆ ರೂಢಿಯಾದ ಕೆಲಸ ಅದು, ಸೆರಗು ಸರಿಮಾಡಿಕೊಂಡ ಹಾಗೆ. ಯೋಚಿಸಿ ಮಾಡಿದ್ದಲ್ಲ. ಮರುದಿನ ಹಿತ್ತಲಿಗೆ ಹೋದರೆ ಹಗ್ಗ ನೆಲದ ಮೇಲಿತ್ತು. ಗೀಟು ಮೊಳೆಯಿಂದ ಒಂದು ಗೇಣು ಪಡುವಣಕ್ಕೆ ಹೋಗಿತ್ತು.

ಹಾಗಾದರೆ ಅತ್ತೆ ಅಲ್ಲ. ಅವರ ಸಿಟ್ಟೆಲ್ಲ ಬಾಯಲ್ಲೇ ಖರ್ಚಾಗಿ ಹೋಗುತ್ತಿತ್ತು, ಮನೆಯನ್ನು ತಳ್ಳುವಷ್ಟು ಒಳಗೆ ಇಳಿಯುತ್ತಿರಲಿಲ್ಲ. ನಾನು ಗಂಡನನ್ನು ನೋಡತೊಡಗಿದೆ. ನನ್ನ ಗಂಡ ಪರಮೇಶಿ ಬೋರ್‌ವೆಲ್ ಮೋಟಾರು ರಿಪೇರಿ ಮಾಡುವವರು, ಮಾತು ಕಡಿಮೆ. ರೂನಾಳ ವಿಷಯಕ್ಕೆ ಹೂಂ ಎಂದೂ ಹೇಳಿದವರಲ್ಲ, ಊಹೂಂ ಎಂದೂ ಹೇಳಿದವರಲ್ಲ. ಇಂಥವರ ಒಳಗೇ ಇರುತ್ತದೆ ಎಂದುಕೊಂಡೆ. ಊಟಕ್ಕೆ ಬಡಿಸುವಾಗ ಅವರ ಮುಖ ನೋಡಿದೆ, ಪಿಲು ಜಗಲಿಯಲ್ಲಿ ಕೂತಿದ್ದಾಗ ಅವರು ಚಪ್ಪಲಿ ಬಿಡುವುದನ್ನು ನೋಡಿದೆ. "ಯಾಕೆ ಹಾಗೆ ನೋಡ್ತೀಯ? ಮುಖದ ಮೇಲೆ ಗ್ರೀಸ್ ಇದೆಯಾ?" ಎಂದು ಕೇಳಿದರು. ಅಳತೆಯ ವಾರ ಅವರಿಗೆ ದೂರದ ಹಳ್ಳಿಯಲ್ಲಿ ಮೋಟಾರು ಇಳಿಸುವ ಕೆಲಸ ಬಂತು. ಸೋಮವಾರ ಹೊರಟರು, ಮೂರು ದಿನ. ಮನೆಯಲ್ಲಿ ನಾನೊಬ್ಬಳೇ.

ಮಂಗಳವಾರ ಬೆಳಿಗ್ಗೆ ರೂನಾ ನಮ್ಮ ಹಿತ್ತಲ ಮೆಟ್ಟಿಲ ಮೇಲೆ ಕುಳಿತು ನನ್ನ ಜೊತೆ ಅವರೆಕಾಯಿ ಬಿಡಿಸುತ್ತಿದ್ದಳು. "ಅಕ್ಕ, ಮನೆ ಸರಿಯೋವಾಗ ನಿಮಗೆ ಭಯ ಆಗಲ್ವಾ?" ಎಂದು ಕೇಳಿದಳು.

"ಹುಟ್ಟಿದಾಗಿಂದ ನೋಡಿದೀವಿ. ಏನು ಭಯ? ನಿಮ್ಮ ಊರಲ್ಲಿ ಇರಲಿಲ್ಲ, ಅದಕ್ಕೆ ನಿನಗೆ ವಿಚಿತ್ರ."

"ನಮ್ಮಲ್ಲಿ ಮನೆ ಸರೀತಿರಲಿಲ್ಲ. ಸಮುದ್ರ ಸರೀತಿತ್ತು." ಅವಳು ಒಂದು ಸಿಪ್ಪೆಯನ್ನು ಎರಡು ಸೀಳಿದಳು. "ದಿನಕ್ಕೆ ನಾಲ್ಕು ಬೆರಳು. ಮೇಲೆ ಯಾರೋ ದೊಡ್ಡ ಕಟ್ಟೆ ಕಟ್ಟಿದ್ರು, ಅದಕ್ಕೆ ನೀರು ನಮ್ಮ ಕಡೆ ತಿರುಗ್ತು. ಕೇಳೋಕೆ ಹೋದ್ರೆ ಅವರೂ ಹಿಂಗೇ ಅಂದ್ರು. ನಾವೇನು ತಳ್ಳಿದ್ವಾ, ಅದು ತಾನಾಗೇ ಬರ್ತಿದೆ ಅಂತ."

ನಾನು ಕಾಳಿನ ಮೊರವನ್ನು ಸುಮ್ಮನೆ ಕುಲುಕಿದೆ. ಸರ್ವಮಂಗಳನ ಮಾತು ಅವಳಿಗೆ ಕೇಳಿಸಿತ್ತೋ, ಅಥವಾ ಎಲ್ಲ ಊರುಗಳಲ್ಲೂ ಜನ ಅದನ್ನೇ ಹೇಳುತ್ತಾರೋ, ನನಗೆ ತಿಳಿಯಲಿಲ್ಲ. ಆ ಹೊತ್ತಿನಲ್ಲಿ ಮುಂಬಾಗಿಲಲ್ಲಿ ಯಾರದೋ ಚಿಲಕದ ಸದ್ದಾಯಿತು. "ನಾಳೆ ಬಾ ರೂನಾ, ಯಾರೋ ಬಂದ್ರು" ಎಂದೆ. ಅವಳು ಮಡಿಲಿನ ಸಿಪ್ಪೆ ಕೊಡವಿ ಎದ್ದಳು. ಬಂದವನು ಕರೆಂಟಿನ ಬಿಲ್ಲಿನವನು. ಅವನಿಗಾಗಿ ಅವಳನ್ನು ಎಬ್ಬಿಸಬೇಕಿರಲಿಲ್ಲ.

ಆ ಮಧ್ಯಾಹ್ನ ಒಬ್ಬಳೇ ಉಂಡು ಅಡ್ಡಾದೆ. ಎದ್ದು ಹಿತ್ತಲಿಗೆ ಹೋದಾಗ ಹಗ್ಗ ನೆಲದ ಮೇಲಿತ್ತು. ಗೀಟು ಮತ್ತೆ ಅರ್ಧ ಗೇಣು ಮುಂದಕ್ಕೆ ಹೋಗಿತ್ತು. ಮನೆಯೊಳಗೆ ನನ್ನನ್ನು ಬಿಟ್ಟರೆ ಗೋಡೆಯ ಮೇಲೆ ಒಂದು ಹಲ್ಲಿ ಇತ್ತು.

ಕಟ್ಟಲು ಹೊಸ ತುಂಡು ತರಲಿಲ್ಲ. ಒಗೆಯುವ ಕಲ್ಲಿನ ಮೇಲೆ ಕುಳಿತು ಹಗ್ಗವನ್ನು ಮಡಿಲಿಗೆ ಎಳೆದುಕೊಂಡೆ. ಒಂದೊಂದು ಗಂಟೂ ನಾನೇ ಹಾಕಿದ್ದು, ಒಂದೊಂದರ ದಿನವೂ ನನಗೆ ನೆನಪಿದೆ. ಪಂಚೆಯ ಅಂಚು ಕಟ್ಟಿದ್ದು, ನನ್ನ ತಂಗಿ ಬಂದಿದ್ದಾಗ ಪಿಲುವನ್ನು ನಾಳೆ ಬಾರಮ್ಮ ಎಂದು ಜಗಲಿಯಿಂದಲೇ ಕಳಿಸಿದ ಮರುದಿನ. ಕೆಂಪು ಪ್ಲಾಸ್ಟಿಕ್ ದಾರ, ಸಂತೆಯಲ್ಲಿ ರೂನಾ ದೂರದಿಂದ ಅಕ್ಕಾ ಎಂದು ಕೂಗಿದಾಗ ಕೇಳಿಸದವಳಂತೆ ಬದನೆಕಾಯಿ ಆರಿಸುತ್ತಾ ನಿಂತ ವಾರ. ಲಂಗದ ಲಾಡಿ ಎಲ್ಲಕ್ಕಿಂತ ಉದ್ದ, ಒಂದು ಮೊಳ. ಅದು ಸರ್ವಮಂಗಳನ ಮನೆಯ ಅರಿಸಿನ ಕುಂಕುಮದ್ದು.

ಅವತ್ತು ಏಳು ಹೆಂಗಸರು ಸುತ್ತ ಕುಳಿತಿದ್ದೆವು. ಯಾರೋ ನಗುತ್ತಾ, "ಅಂಬುಜಾ, ನೀನು ಅವಳ ಮನೇದು ತಿಂತೀಯಂತಲ್ಲ?" ಎಂದು ಕೇಳಿದರು. ಬೈಗುಳವೇನಲ್ಲ, ತಮಾಷೆಗೆ ಕೇಳಿದ್ದು. ನಾನು, "ಅಯ್ಯೋ, ಇಲ್ಲಪ್ಪ. ಬಟ್ಟೆಗೆ ಹಗ್ಗ ಕಟ್ಟಿದೀವಿ, ಅಷ್ಟೆ" ಎಂದುಬಿಟ್ಟೆ. ತಲೆ ಎತ್ತಿದಾಗ ಬಾಗಿಲಲ್ಲಿ ರೂನಾ ಇದ್ದಳು, ಹೊಲಿದ ರವಿಕೆಗಳ ಗಂಟು ಹಿಡಿದುಕೊಂಡು. ಅವಳು ಗಂಟನ್ನು ಸರ್ವಮಂಗಳನ ಕೈಗೆ ಕೊಟ್ಟು, ಎಲ್ಲರಿಗೂ ಒಂದು ನಗು ಕೊಟ್ಟು ಹೋದಳು. ಅವತ್ತು ಬೆಳಿಗ್ಗೆಯೇ ನಾನು ಅವಳ ಉಂಡೆ ಎರಡು ತಿಂದಿದ್ದೆ. ಮರುದಿನ ಬಟ್ಟಲು ಎಂದಿನಂತೆ ಬಂತು, ಬಿಸಿಯಾಗಿ. ಅವಳು ಒಂದು ಮಾತು ಕೇಳಿದ್ದರೆ, ಜಗಳ ಆಡಿದ್ದರೆ, ನನಗೆ ಎಷ್ಟೋ ಹಗುರವಾಗುತ್ತಿತ್ತು. ಕೇಳಲಿಲ್ಲ. ಅವತ್ತಿನಿಂದ ಅವಳ ಮುಖ ಕಂಡಾಗಲೆಲ್ಲ ಆ ಬಾಗಿಲು ಕಾಣುತ್ತಿತ್ತು. ಅವಳು ಸ್ವಲ್ಪ ಆಚೆಗಿದ್ದರೆ ಸಾಕು ಎನಿಸುತ್ತಿತ್ತು. ದ್ವೇಷವಲ್ಲ ಅದು. ಸ್ವಲ್ಪ ಆಚೆ, ಒಂದು ಗೇಣು, ಅಷ್ಟೇ. ಮನೆ ನಾನು ಕೇಳಿದ್ದಷ್ಟನ್ನೇ ಕೊಡುತ್ತಾ ಬಂದಿತ್ತು.

ಹನ್ನೊಂದು ಮುಕ್ಕಾಲು ಮೊಳ. ಹಗ್ಗವನ್ನು ಮಡಿಲಲ್ಲಿ ಇಟ್ಟುಕೊಂಡು ಕತ್ತಲಾಗುವವರೆಗೆ ಕುಳಿತಿದ್ದೆ.

ಗುರುವಾರ ಗಂಡ ಬಂದರು, ಸಂಜೆಯ ಬಸ್ಸಿಗೆ ಅತ್ತೆಯೂ ಬಂದಿಳಿದರು. ಚೀಲ ಕೆಳಗಿಟ್ಟು ನೇರ ಹಿತ್ತಲಿಗೆ ಹೋಗಿ ನೋಡಿದರು. "ಇದೇನೇ, ಇಷ್ಟು ದೂರ ಬಂದ್ಬಿಟ್ಟಿದೆ? ನಾನು ಇಲ್ದೇ ಇದ್ದಾಗ ಏನು ಮಾಡಿದ್ರಿ?" ಎಂದರು. ಅವರ ದನಿಯಲ್ಲಿ ಸಂತೋಷವೇನೂ ಇರಲಿಲ್ಲ. ಆ ಕಡೆ ಮುಖ ಮಾಡಿ, "ಏ ಉಪ್ಪು, ಇದೀಯೇನೇ?" ಎಂದು ಕೂಗಿದರು.

ಸ್ವಲ್ಪ ಹೊತ್ತಿಗೆ ರೂನಾ ಬಂದಳು. ಹಿತ್ತಲ ಬಾಗಿಲಿಗೇ ನಿಂತಳು, ಒಳಗೆ ಬರಲಿಲ್ಲ. ಅತ್ತೆ ಸ್ನಾನಕ್ಕೆ ಹೋಗಿದ್ದರು.

"ಅಕ್ಕ, ಆ ಬಟ್ಟಲು ಇದ್ರೆ ಕೊಡಿ. ಸಾಮಾನು ಒಂದು ಕಡೆ ಮಾಡ್ತಿದೀನಿ."

"ಯಾಕೆ? ಎಲ್ಲಿಗೆ?"

"ಕೆಳಗೆ ಕೆರೆಯಂಚಲ್ಲಿ, ನಮ್ಮಣ್ಣನ ಮನೆ ಪಕ್ಕ ಒಂದು ಕೋಣೆ ಇದೆ. ಶನಿವಾರ ಬೆಳಿಗ್ಗೆ, ಅಳತೆಯವರು ಬರೋ ಮೊದಲು ಹೋಗ್ತೀವಿ. ಕಲ್ಲು ನೆಡೋದನ್ನ ಪಿಲು ನಿಂತು ನೋಡೋದು ಬೇಡ."

"ಇನ್ನೂ ಕಾಲು ಮೊಳ ಇದೆ ರೂನಾ. ಕಲ್ಲು ಬೀಳದೆಯೂ ಇರಬಹುದು."

"ಈ ವರ್ಷ ಬೀಳದಿದ್ರೆ ಮುಂದಿನ ವರ್ಷ. ಪ್ರತಿ ವರ್ಷ ಅಳತೆ ಕಾಯ್ಕೊಂಡು ಕೂರೋಕೆ ನನ್ ಕೈಲಿ ಆಗಲ್ಲ ಅಕ್ಕ. ಅಲ್ಲಿ ಆದ್ರೆ ಇದು ಇರಲ್ಲ."

"ಬಟ್ಟಲು ಎಲ್ಲಿದೆಯೋ ಏನೋ, ಹುಡುಕಿ ಕೊಡ್ತೀನಿ" ಎಂದೆ.

"ಅಕ್ಕಿ ಡಬ್ಬದ ಹಿಂದೆ ನೋಡಿ" ಎಂದಳು ರೂನಾ.

ಚುಚ್ಚಿ ಹೇಳಿದ್ದಲ್ಲ. ಕತ್ತರಿ ಎಲ್ಲಿದೆ, ಸೂಜಿ ಎಲ್ಲಿದೆ ಎಂದು ಹೇಳುವ ಹಾಗೆ ಹೇಳಿದಳು. ನಾನು ಅವಳ ಮುಖ ನೋಡಿದೆ, ಅವಳು ನನ್ನ ಕಾಲಿನ ಬಳಿಯ ನೆಲ ನೋಡುತ್ತಿದ್ದಳು, ನನಗೆ ಕಷ್ಟವಾಗದಿರಲೆಂದು. "ಆತುರ ಇಲ್ಲ, ನಾಳೆ ಕೊಟ್ರೂ ಆಯ್ತು" ಎಂದು ತಿರುಗಿ ನಡೆದಳು. ಹನ್ನೊಂದು ಮುಕ್ಕಾಲು ಮೊಳ ದಾಟಲು ಅವಳಿಗೆ ಬಹಳ ಹೊತ್ತು ಬೇಕಾಯಿತು ಎಂದು ನನಗೆ ಅನ್ನಿಸಿತು.

ಮರುದಿನ ಶುಕ್ರವಾರ. ಬೆಳಿಗ್ಗೆ ಮನೆ ಸಾರಿಸಿದೆ, ಚಾಪೆ ಕೊಡವಿದೆ, ಎಲೆಯಡಿಕೆ ತಟ್ಟೆ ಉಜ್ಜಿದೆ. ಸರ್ವಮಂಗಳ ಕಿಟಕಿಯಿಂದಲೇ ಕೂಗಿ, "ಕೋಸಂಬರಿಗೆ ಸೌತೇಕಾಯಿ ಬೇಕಿದ್ರೆ ಕೇಳು" ಎಂದಳು. ಇದೆ ಎಂದೆ. ರೂನಾಳ ಹಿತ್ತಲಲ್ಲಿ ಹೊಲಿಗೆ ಯಂತ್ರವನ್ನು ಗೋಣಿಯಲ್ಲಿ ಸುತ್ತಿ ಇಟ್ಟದ್ದು ಕಾಣುತ್ತಿತ್ತು. ಪಿಲು ಅದರ ಮೇಲೆ ಕುಳಿತು ಮಗ್ಗಿ ಪುಸ್ತಕ ತಿರುವುತ್ತಿದ್ದಳು. ಶಾಲೆಗೆ ಹೋಗಿರಲಿಲ್ಲ.

ಮಧ್ಯಾಹ್ನ ಊಟವಾಯಿತು. ಅತ್ತೆ ತಮ್ಮ ಮೂಲೆಯಲ್ಲಿ ಕಣ್ಣಿಗೆ ಸೆರಗು ಹಾಕಿಕೊಂಡರು. ಗಂಡ ನಡುಮನೆಯಲ್ಲಿ ಚಾಪೆಯ ಮೇಲೆ ಅಡ್ಡಾದರು. ನಾನು ಅಡಿಗೆಮನೆಗೆ ಹೋಗಿ ಅಕ್ಕಿ ಡಬ್ಬವನ್ನು ಪಕ್ಕಕ್ಕೆ ಎಳೆದು ಬಟ್ಟಲನ್ನು ತೆಗೆದೆ. ತೊಳೆದೆ. ನೀಲಿ ಅಂಚನ್ನು ಬಟ್ಟೆಯಿಂದ ಒರೆಸಿದೆ. ಕೋಸಂಬರಿಗೆ ನಾನು ಯಾವಾಗಲೂ ತಲೆಗೊಂದು ಹಿಡಿ ಹೆಸರುಬೇಳೆ ಹಾಕುವುದು. ಅದರಲ್ಲೇ ನೆನೆಸಿದೆ. ಏಳು ಹಿಡಿ ಆದ ಮೇಲೆ ಕೈ ತಾನಾಗಿ ನಿಂತಿತು. ಎಂಟನೆಯದನ್ನು ಹಾಕಿದೆ. ಇನ್ನೊಂದು ಪುಟ್ಟ ಹಿಡಿ, ಪಿಲುವಿಗೆ. ನೀರು ಹೊಯ್ದು, ಬಟ್ಟಲನ್ನು ತಂದು ನಡುಮನೆಯಲ್ಲಿ, ಬಾಗಿಲಿಗೆ ಎದುರಾಗಿ, ಒಳಗೆ ಬರುವವರಿಗೆ ಮೊದಲು ಕಾಣುವ ಮಣೆಯ ಮೇಲೆ ಇಟ್ಟೆ.

"ಏನದು?" ಗಂಡ ಅರೆನಿದ್ದೆಯಲ್ಲಿ ಕೇಳಿದರು.

"ಸಂಜೆಗೆ ಬೇಳೆ ನೆನೆ ಹಾಕ್ದೆ."

"ಅಡಿಗೆಮನೇಲಿ ಜಾಗ ಇರಲಿಲ್ವಾ?"

"ಇತ್ತು" ಎಂದೆ. ಅವರು ಮಗ್ಗುಲಾದರು.

ಸಂಜೆ ದೀಪ ಹಚ್ಚುವ ಮೊದಲು ಬೀದಿಗೆ ಇಳಿದು, ಹಿತ್ತಲಿನಿಂದಲ್ಲ, ಮುಂಬಾಗಿಲಿನಿಂದ, ಎಲ್ಲರಿಗೂ ಕೇಳುವಂತೆ ರೂನಾಳನ್ನು ಹೆಸರು ಹಿಡಿದು ಕರೆಯುವುದು ಎಂದುಕೊಂಡಿದ್ದೆ. ಬಂದರೆ ಮೊದಲನೆಯ ಚಾಪೆ, ಮೊದಲನೆಯ ಕುಂಕುಮ. ಬರದಿದ್ದರೂ ಅವಳ ಪಾಲು ಎಲ್ಲರೆದುರಿಗೆ ಎತ್ತಿಡುವುದು. ಯಾರಾದರೂ ನಗುತ್ತಾ ಕೇಳಿದರೆ, ಆರು ವರ್ಷದಿಂದ ತಿನ್ನುತ್ತಿದ್ದೇನೆ ಎನ್ನುವುದು, ಅವತ್ತು ಹೇಳಿದ್ದು ಸುಳ್ಳು ಎನ್ನುವುದು. ಆಮೇಲೆ ಮನೆ ಎತ್ತ ಬೇಕೋ ಅತ್ತ ಹೋಗಲಿ. ನಡುವಿನ ಬಯಲು ಸರ್ವಮಂಗಳನ ಮನೆಗೂ ನಮ್ಮ ಮನೆಗೂ ನಡುವೆಯೇ ಬೀಳುವುದಾದರೆ ಬೀಳಲಿ, ಕಲ್ಲು ಅಲ್ಲೇ ನೆಡಲಿ. ನಾಲ್ಕು ದಿನಕ್ಕೊಮ್ಮೆ ನೀರು ಹಿಡಿಯುವುದನ್ನು ನಾನೂ ಕಲಿಯುತ್ತೇನೆ. ಇದನ್ನು ಅತ್ತೆಗೆ ಹೇಳಲಿಲ್ಲ, ಗಂಡನಿಗೆ ಹೇಳಲಿಲ್ಲ. ಬಾಯಿಬಿಟ್ಟು ಹೇಳಿದರೆ ಅತ್ತೆಯ ಸಿಟ್ಟಿನ ಹಾಗೆ ಅದೂ ಬಾಯಲ್ಲೇ ಮುಗಿದುಹೋದೀತು. ಮನಸ್ಸು ಮಾಡುವುದು ಬೇರೆ, ಮನಸ್ಸು ಇರುವುದು ಬೇರೆ ಎಂಬುದು ಆ ಹಗ್ಗ ಹಿಡಿದು ಕುಳಿತ ಸಂಜೆಯಿಂದ ನನಗೆ ಗೊತ್ತಿತ್ತು. ಮನಸ್ಸು ಮಾಡಿದ್ದೆ. ಅದು ಒಳಗೆ ಇತ್ತೋ ಇಲ್ಲವೋ ತಿಳಿಯದು.

ಎದ್ದು ಹೋಗಿ ರೂನಾಳ ಕಡೆಯ ಹಿತ್ತಲ ಬಾಗಿಲನ್ನು ಪೂರ್ತಿ ತೆರೆದೆ. ಆ ಹೊತ್ತಿನಲ್ಲಿ ಯಾರೂ ಬಾಗಿಲು ತೆರೆದಿಡುವುದಿಲ್ಲ. ಬೆಳಕು ನಡುಮನೆಯವರೆಗೂ ಬಂತು. ಗಂಡ ಕಣ್ಣಿನ ಮೇಲೆ ತೋಳು ಇಟ್ಟುಕೊಂಡರು. ನಾನು ಮಣೆಯ ಪಕ್ಕ ನೆಲದ ಮೇಲೆಯೇ ಮಲಗಿ, ಮನೆ ಎತ್ತ ಸರಿದರೂ ನೀರಿನಲ್ಲಿ ಕಾಣಲೆಂದು ಬಟ್ಟಲಿನ ಮಟ್ಟಕ್ಕೆ ಕಣ್ಣು ತಂದೆ. ಬೇಳೆಯ ಮೇಲೆ ನಾಲ್ಕು ಬೆರಳು ನೀರು ನಿಂತಿತ್ತು. ಒಳಗೆ ಒಂದೊಂದು ಗುಳ್ಳೆ ಏಳುತ್ತಿತ್ತು. ಹಂಡೆಯ ಮುಚ್ಚಳ ಸದ್ದು ಮಾಡಲಿಲ್ಲ. ನೀಲಿ ಅಂಚಿನ ಸುತ್ತ ನೀರು ಎಲ್ಲ ಕಡೆಯೂ ಒಂದೇ ಸಮ ಇತ್ತು. ಅಷ್ಟು ವರ್ಷಗಳಲ್ಲಿ ಮೊದಲ ಸಲ ಆ ಮಧ್ಯಾಹ್ನ ನಾನು ಕಣ್ಣು ಮುಚ್ಚಲಿಲ್ಲ.